ಸ್ಯಾಮಿಯನ್ನು ಬಿಡಿಸಲು ಹೋದದ್ದು

ಕುರ್ಲಾ

ಆಫ್ರಿಕಕ್ಕೆ ಹೋಗಿ ಬಂದವನೆಂದು ತಿಳಿದ ಕೂಡಲೇ ಜನ ಸಿಂಹದ ಸುದ್ದಿ ಕೇಳುತ್ತಾರೆ. ಸಿಂಹ ನನ್ನ ಕಣ್ಣಿಗೆ ಬೀಳಲಿಲ್ಲ. ಚಿನ್ನದ ಗಣಿಯನ್ನೂ ಕಾಣಲಿಲ್ಲ. ನಾನು ಅಷ್ಟು ನೀರು ದಾಟಿ ಹೋದದ್ದು ಕಾಯಿಪಲ್ಲೆ ಮಾರುವ ಒಬ್ಬನ ಸಲುವಾಗಿ. ಅವನ ಹೆಸರು ಸ್ಯಾಮಿ. ಅವನಿಗೆ ಗಲ್ಲು ಶಿಕ್ಷೆಯಾಗಿತ್ತು. ಆ ಶಿಕ್ಷೆ ಆದದ್ದು ಒಂದು ಪತ್ತೇದಾರಿ ಕಾದಂಬರಿಯಲ್ಲಿ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ.

ನಾನು ಧಾರವಾಡದವನು. ಮುಂಬಯಿಯಲ್ಲಿ ಹಡಗಿನ ಏಜೆಂಟರ ಕಚೇರಿಯೊಂದರಲ್ಲಿ ಗುಮಾಸ್ತ, ವಾಸ ಕುರ್ಲಾದ ಚಾಳಿನಲ್ಲಿ. ಬಂದರಿನ ಹೊರಗೆ ಒಂದು ರದ್ದಿ ಅಂಗಡಿಯಿದೆ. ಹಡಗಿನ ಜನ ಓದಿ ಬಿಸುಟ ಪುಸ್ತಕಗಳು ಅಲ್ಲಿ ರಾಶಿ ಬೀಳುತ್ತವೆ. ದಕ್ಷಿಣ ಆಫ್ರಿಕದ ಜೊತೆ ನಮ್ಮ ಸರಕಾರ ವ್ಯಾಪಾರವನ್ನೇ ನಿಲ್ಲಿಸಿರುವುದರಿಂದ ಆ ದೇಶದ ಪುಸ್ತಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಖಲಾಸಿಗಳ ಕಿಸೆಯಲ್ಲಿ ಮಾತ್ರ ಬರುತ್ತದೆ. ಹಾಗೆ ಬಂದ ಒಂದು ಹರಕು ಪತ್ತೇದಾರಿ ಕಥೆಯನ್ನು ಲೋಕಲ್ ಗಾಡಿಯಲ್ಲಿ ಓದುತ್ತ ಒಂದು ಸಂಜೆ ಕುರ್ಲಾ ಇಳಿಯುವುದನ್ನೇ ಮರೆತು ಠಾಣೆಗೆ ಹೋಗಿಬಿಟ್ಟೆ. ಅಲ್ಲಿಂದ ಹಿಡಿದ ಹುಚ್ಚು ಇದು. ಇಂಗ್ಲೆಂಡಿನ ಕೊಲೆಗಳು ನನಗೆ ಸಪ್ಪೆ ಅನ್ನಿಸತೊಡಗಿದವು. ಅಲ್ಲಿ ಎಲ್ಲರೂ ಚಹಾ ಕುಡಿಯುತ್ತ ಕೂತಿರುತ್ತಾರೆ. ದಕ್ಷಿಣ ಆಫ್ರಿಕದ ಕೊಲೆಯಲ್ಲಿ ಧೂಳಿದೆ, ಬಿಸಿಲಿದೆ, ಮಾವಿನ ಮರವಿದೆ, ಬಂದರಿದೆ. ಓದಿದರೆ ಬೆವರು ಬರುತ್ತದೆ.

ಆ ಕಥೆಗಳನ್ನು ಕನ್ನಡಕ್ಕೆ ತಿರುಗಿಸಿ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಗೆ ಕೊಡುತ್ತಿದ್ದೆ. ಅಚ್ಚಾಗುವ ಮೊದಲು ಭಾನುವಾರ ಮಧ್ಯಾಹ್ನ, ಊಟದ ಗಿರಾಕಿಗಳು ಕರಗಿದ ಮೇಲೆ, ವಾಸು ಶೆಟ್ಟರ ಹೊಟೇಲಿನಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಶೆಟ್ಟರು ಉಡುಪಿ ಕಡೆಯವರು. ಹಣದ ಗಲ್ಲೆಯ ಮೇಲೆ ಕೂತೇ ಕೇಳುವರು. ಬಡಿಸುವವರು, ಅಡುಗೆಯವರು, ದೋಸೆ ಹುಯ್ಯುವವರು ಬೆಂಚುಗಳ ಮೇಲೆ ಕಾಲು ಮಡಚಿ ಕೂರುವರು. ಯಾವ ಪುಸ್ತಕದಲ್ಲೂ ಪತ್ತೇದಾರ ಇನ್‌ಸ್ಪೆಕ್ಟರ್ ಕೊಡೆ ಹಿಡಿದೇ ತಿರುಗುತ್ತಿದ್ದನಾದ್ದರಿಂದ ಎಲ್ಲ ಇನ್‌ಸ್ಪೆಕ್ಟರರಿಗೂ 'ಛತ್ರಿ ಸಾಹೇಬ' ಎಂದೇ ಹೆಸರಿಟ್ಟಿದ್ದರು. ಆದರೆ ಎಲ್ಲರ ಪ್ರೀತಿ ಸ್ಯಾಮಿಯ ಮೇಲೆ. ಹೆಗಲ ಮೇಲೆ ಅಡ್ಡೆ, ಎರಡು ಕಡೆ ಎರಡು ಬುಟ್ಟಿ, ಬಾಯಲ್ಲಿ ಒಂದೆರಡೇ ಮಾತು. ಆ ಬಾಗಿಲಲ್ಲಿ ಏನು ಕಂಡ, ಈ ಓಣಿಯಲ್ಲಿ ಏನು ಕೇಳಿದ ಎಂದು ಅವನು ಹೇಳದಿದ್ದರೆ ಛತ್ರಿ ಸಾಹೇಬನಿಗೆ ಒಂದು ಬೆಕ್ಕನ್ನೂ ಹಿಡಿಯಲಾಗುತ್ತಿರಲಿಲ್ಲ.

ಪುಸ್ತಕಗಳನ್ನು ಬರೆದವರು ಬೇರೆಬೇರೆಯವರು, ಎಲ್ಲರ ಪುಸ್ತಕದಲ್ಲೂ ಸ್ಯಾಮಿ! ಇದು ನನಗೆ ವಿಚಿತ್ರವೆನಿಸಲಿಲ್ಲ. ನಮ್ಮ ಬಯಲಾಟದಲ್ಲಿ ಪ್ರಸಂಗ ಯಾವುದೇ ಇರಲಿ, ಸಾರಥಿ ಇರಲೇಬೇಕಲ್ಲ? ಹಾಗೆಯೇ ಆ ನಾಡಿನ ಪತ್ತೇದಾರಿ ಕಥೆಗೆ ಸ್ಯಾಮಿ ಎಂದು ತಿಳಿದೆ. ಸ್ಯಾಮ್ಯುಯೆಲ್ ಎಂಬ ಯಾರೋ ಬಡ ಕ್ರಿಶ್ಚಿಯನ್ ಇರಬೇಕೆಂದು ಮುನ್ನುಡಿಯಲ್ಲಿ ಬರೆದೂ ಇಟ್ಟೆ. ಅವನ ಮೂಗು, ಮುಖ, ವಯಸ್ಸು ಯಾವ ಪುಸ್ತಕದಲ್ಲೂ ಇರಲಿಲ್ಲ.

ಐದನೆಯ ಪುಸ್ತಕದಲ್ಲಿ ಸಿಡಿಲು ಬಡಿಯಿತು. ಡರ್ಬನ್ನಿನ ಗುಡ್ಡದ ಮೇಲಿನ ಬಂಗಲೆಯಲ್ಲಿ ಒಬ್ಬ ಶ್ರೀಮಂತ ಮುದುಕಿಯ ಕೊಲೆಯಾಗುತ್ತದೆ. ಆ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಸ್ಯಾಮಿ ಬೀನ್ಸ್ ಮಾರುತ್ತಿದ್ದನೆಂದು ಮೂವರು ಹೇಳುತ್ತಾರೆ. ಅದೇ ಹೊತ್ತಿಗೆ ಕೆಳಗೆ ಬಂದರಿನ ಗೇಟಿನಲ್ಲಿ ಸ್ಯಾಮಿ ಕೂತಿದ್ದನೆಂದು ಇಬ್ಬರು ಹೇಳುತ್ತಾರೆ. ಮರುದಿನ ಸ್ಯಾಮಿಯನ್ನು ಮಾರ್ಕೆಟ್ಟಿನಲ್ಲಿ ಹಿಡಿಯುತ್ತಾರೆ. ತಾನು ಬಂಗಲೆಗೂ ಹೋಗಿಲ್ಲ, ಬಂದರಿಗೂ ಹೋಗಿಲ್ಲ ಎನ್ನುತ್ತಾನೆ. ಕೊಂದು, ಗುಡ್ಡ ಇಳಿದು ಓಡಿ, ಬಂದರಿನಲ್ಲಿ ಮುಖ ತೋರಿಸಿ ಸುಳ್ಳು ಸಾಕ್ಷಿ ಹುಟ್ಟಿಸಿಕೊಂಡ ಧೂರ್ತ ಇವನೇ ಎಂದು ಛತ್ರಿ ಸಾಹೇಬ ತೀರ್ಮಾನಿಸುತ್ತಾನೆ. ಗಲ್ಲು.

ಕಥೆಯನ್ನು ಬಾಯಲ್ಲಿ ಹೇಳಿ ಮುಗಿಸಿದಾಗ ಹೊಟೇಲಿನಲ್ಲಿ ಯಾರೂ ಏಳಲಿಲ್ಲ. ಶೆಟ್ಟರು ಗಲ್ಲೆಯಿಂದ ಇಳಿದು ಬಂದರು.

"ಎಂತ ಮಾರಾಯ್ರೆ ಇದು! ನಾಲ್ಕು ಪುಸ್ತಕದಲ್ಲಿ ಪೊಲೀಸರಿಗೆ ದಾರಿ ತೋರಿಸಿದವ ಐದನೆಯದರಲ್ಲಿ ಮುದುಕಿಯ ಕುತ್ತಿಗೆ ಹಿಸುಕ್ತಾನಾ? ನನಗೆ ನಂಬಿಕೆ ಬರುದಿಲ್ಲ."

"ಹಂಗ ಬರದಾರ್ರೀ ಶೆಟ್ರ. ನಾ ಏನ್ ಮಾಡ್ಲಿ?" ಎಂದೆ.

"ಅವರು ಬರೆದದ್ದು ತಪ್ಪು. ನೀವು ಕನ್ನಡದಲ್ಲಿ ಬರೀಬೇಡಿ ಅಷ್ಟೆ."

ನನಗೂ ಕೊನೆಯ ಅಧ್ಯಾಯಕ್ಕೆ ಕೈ ಬರಲಿಲ್ಲ. ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಅದನ್ನು ಪುಸ್ತಕವಾಗಿ ತರಲು ಒಪ್ಪಿದ್ದರು. ಅದು ನನ್ನ ಮೊದಲ ಪುಸ್ತಕವಾಗಲಿತ್ತು. ಕೊನೆಯ ಅಧ್ಯಾಯ ಎಲ್ಲಿ ಎಂದು ಅವರು ಕೇಳುತ್ತಲೇ ಇದ್ದರು, ನಾನು ಜ್ವರ, ನೆಗಡಿ, ಹಲ್ಲುನೋವು ಎಂದು ತಳ್ಳುತ್ತ ಬಂದೆ. ಸ್ಯಾಮಿಯನ್ನು ನನ್ನ ಕೈಯಾರೆ ಗಲ್ಲಿಗೆ ಹಾಕುವುದು ನನ್ನಿಂದಾಗದ ಕೆಲಸವಾಗಿತ್ತು.

ಪವಾಯಿಯ ಗುಡ್ಡ

ಪ್ರಶ್ನೆ ಇಷ್ಟೇ: ಬುಟ್ಟಿ ಹೊತ್ತವನೊಬ್ಬ ಅಷ್ಟು ಬೇಗ ಗುಡ್ಡ ಇಳಿಯಬಲ್ಲನೇ? ಬಾಯಲ್ಲಿ ವಾದ ಮಾಡಿ ಸಾಕಾಗಿ, ಒಂದು ಭಾನುವಾರ ನಾವು ಪವಾಯಿ ಕೆರೆಯ ಪಕ್ಕದ ಗುಡ್ಡಕ್ಕೆ ಹೋದೆವು. ಒಂದು ಬಿದಿರ ಗಳ, ಎರಡು ಬುಟ್ಟಿ, ಬುಟ್ಟಿಯಲ್ಲಿ ಹೊಟೇಲಿನ ಸಾಂಬಾರಿಗೆ ತಂದ ಕುಂಬಳಕಾಯಿ. ಹೊರಲು ಬೇರೆಯವರು ಮುಂದೆ ಬಂದರೂ ಶೆಟ್ಟರು ಕೇಳಲಿಲ್ಲ. "ಸ್ಯಾಮಿಯ ಜೀವದ ಪ್ರಶ್ನೆ, ನಾನೇ ಓಡ್ತೇನೆ" ಎಂದು ಪಂಚೆ ಎತ್ತಿ ಕಟ್ಟಿದರು.

ಓಡಿದ್ದು ನಿಜ. ಅರ್ಧ ದಾರಿಯಲ್ಲಿ ಕಾಲು ಜಾರಿ ಶೆಟ್ಟರು ಒಂದು ಕಡೆ, ಗಳ ಒಂದು ಕಡೆ. ಕುಂಬಳಕಾಯಿಗಳು ಮಾತ್ರ ನೆಟ್ಟಗೆ ಓಡಿ ಕೆರೆಗೆ ಬಿದ್ದವು. ಬಿದ್ದಲ್ಲಿಂದಲೇ ಅವರು, "ಕಂಡಿರಾ? ಆಗುದಿಲ್ಲ! ಸ್ಯಾಮಿ ಓಡ್ಲಿಲ್ಲ!" ಎಂದು ಕೂಗಿದರು. ಮೊಣಕಾಲು ತರಚಿ ರಕ್ತ ಬರುತ್ತಿತ್ತು, ಮುಖದ ಮೇಲೆ ಗೆದ್ದ ಕಳೆ.

ನಾನು ಒಪ್ಪಲಿಲ್ಲ. ಡರ್ಬನ್ನಿನ ಗುಡ್ಡ ಎಷ್ಟು ಇಳಿಜಾರೋ ಯಾರು ಕಂಡವರು? ಈ ಮಾತು ಆಡಿ ತಿಂಗಳು ಕಳೆದಿರಲಿಲ್ಲ, ನಮ್ಮ ಕಚೇರಿ ನೋಡಿಕೊಳ್ಳುವ ಹಡಗೊಂದರ ಗುಮಾಸ್ತ ಕಾಮಾಲೆಯಾಗಿ ಮಲಗಿದ. ಹಡಗು ಮೊಂಬಾಸಾದ ಮೇಲೆ ಹಾಯ್ದು ಡರ್ಬನ್ನಿಗೆ ಹೋಗುವಂಥದ್ದು. ಒಂದು ಸಲದ ಮಟ್ಟಿಗೆ ನೀನು ಹೋಗುತ್ತೀಯಾ ಎಂದು ದೊಡ್ಡ ಸಾಹೇಬರು ಕೇಳಿದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ನಮ್ಮ ಪಾಸ್‌ಪೋರ್ಟು ದಕ್ಷಿಣ ಆಫ್ರಿಕಕ್ಕೆ ಸಲ್ಲದು, ಆದರೆ ಹಡಗಿನ ನೌಕರರಿಗೆ ಬಂದರಿನಲ್ಲಿ ಒಂದು ಹಗಲು ಇಳಿದು ಬರುವ ಚೀಟಿ ಸಿಗುತ್ತದಂತೆ. ಸಾಹೇಬರು ಮಾತು ಮುಗಿಸುವ ಮೊದಲೇ ಹೂಂ ಅಂದುಬಿಟ್ಟೆ.

ಮನೆಯಲ್ಲಿ ನನ್ನ ಹೆಂಡತಿ ಕಡಕ್ ರೊಟ್ಟಿ ಕಟ್ಟುತ್ತ, "ಕಾಯಿಪಲ್ಲೆ ಮಾರೋನ್ನ ನೋಡ್ಲಿಕ್ಕೆ ಆಫ್ರಿಕಾಕ್ಕ ಹೊಂಟೀರೇನು? ಕುರ್ಲಾ ಸ್ಟೇಷನ್ ಮುಂದ ಸಾಲ್‌ಸಾಲು ಕೂತಾರ. ಒಂದ್ ದಿನಾನೂ ಮೆಂತ್ಯಾ ಸೊಪ್ಪು ತಂದವರಲ್ಲ" ಎಂದಳು.

ಹಡಗಿನ ಮೇಲೆ

ಸಮುದ್ರದ ವರ್ಣನೆಯನ್ನು ಬೇರೆಯವರು ಚೆನ್ನಾಗಿ ಮಾಡಿದ್ದಾರೆ. ಮೊದಲ ಕೆಲವು ದಿನ ನಾನು ಕಂಡದ್ದು ಒಂದು ಬಕೆಟ್ಟಿನ ತಳ. ಹೊಟ್ಟೆ ನಿಂತ ಮೇಲೆ ಡೆಕ್ಕಿಗೆ ಬಂದೆ. ಅಲ್ಲಿ ಅಂಜಲೈ ಎಂಬ ಹೆಂಗಸಿನ ಪರಿಚಯವಾಯಿತು. ವಯಸ್ಸು ಐವತ್ತರ ಆಚೆ. ಹುಟ್ಟಿದ್ದು ಡರ್ಬನ್ನಿನಲ್ಲಿ. ತಂದೆ ಕಬ್ಬಿನ ತೋಟದ ಕೂಲಿಗೆ ಹೋದವರು. ಆರ್ಕಾಟಿನ ಕಡೆಯ ಅವರ ಊರನ್ನು ಒಮ್ಮೆ ನೋಡಿ ಈಗ ತಿರುಗಿ ಹೊರಟಿದ್ದಳು. ಅವಳ ತಮಿಳಿಗೆ ನನ್ನ ಕನ್ನಡ ಅರ್ಧ, ಅವಳ ಇಂಗ್ಲಿಷಿಗೆ ನನ್ನ ಇಂಗ್ಲಿಷು ಅರ್ಧ ಸೇರಿಸಿ ಮಾತು ನಡೆಯುತ್ತಿತ್ತು. ಎರಡು ಬುಟ್ಟಿ ತುಂಬ ಹುಣಿಸೆಹಣ್ಣು, ಉಪ್ಪಿನಕಾಯಿ, ಅಪ್ಪನ ಊರಿನ ಒಂದು ಹಿಡಿ ಮಣ್ಣು ಇಟ್ಟುಕೊಂಡಿದ್ದಳು.

ಆ ಜನರ ಇಂಗ್ಲಿಷೇ ಬೇರೆ. ಮೊದಲ ದಿನ ಅವಳು "ಜಸ್ಟ್ ನೌ ಬರುತ್ತೇನೆ" ಎಂದು ಒಳಗೆ ಹೋದಳು. ಈಗಲೇ ಬಂದಳು, ಈಗ ಬಂದಳು ಎಂದು ಬಿಸಿಲಲ್ಲಿ ಕಾದೆ. ಊಟ ಮಾಡಿ, ನಿದ್ದೆ ತೆಗೆದು, ಸಂಜೆ ತಲೆ ಬಾಚಿಕೊಂಡು ಬಂದಳು. ಅಲ್ಲಿ 'ಜಸ್ಟ್ ನೌ' ಎಂದರೆ 'ಆಮೇಲೆ ಎಂದಾದರೂ' ಎಂದು ಅರ್ಥವಂತೆ! ಐದು ಪುಸ್ತಕಗಳಲ್ಲಿ ಎಲ್ಲ 'ಜಸ್ಟ್ ನೌ'ಗಳನ್ನೂ ನಾನು 'ಈ ಕ್ಷಣವೇ' ಎಂದು ತಿರುಗಿಸಿದ್ದೆ. ಪತ್ತೇದಾರಿ ಕಥೆಯಲ್ಲಿ ಕ್ಷಣಕ್ಕೂ ಸಂಜೆಗೂ ವ್ಯತ್ಯಾಸವಿಲ್ಲವೇ?

ಮೊಂಬಾಸಾ ದಾಟಿದ ಮೇಲೆ ಅವಳಿಗೆ ನನ್ನ ಯಾತ್ರೆಯ ಗುಟ್ಟು ಹೇಳಿದೆ. ನಮ್ಮ ಕುರ್ಲಾದ ಹೊಟೇಲಿನಲ್ಲಿ ಡರ್ಬನ್ನಿನ ಸ್ಯಾಮಿ ಎಂದರೆ ಎಲ್ಲರಿಗೂ ಜೀವ, ಅವನು ನಿರಪರಾಧಿಯೋ ಅಲ್ಲವೋ ಎಂದು ನೋಡಲು ಬಂದಿದ್ದೇನೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಯಾವ ಸ್ಯಾಮಿ?" ಎಂದು ಕೇಳಿದಳು.

"ಅವನೇ, ಕಾಯಿಪಲ್ಲೆ ಮಾರುವವನು."

"ಅದೇ, ಯಾವನು?"

ಇವಳಿಗೆ ಓದುವ ಅಭ್ಯಾಸವಿಲ್ಲ, ಪಾಪ, ಎಂದುಕೊಂಡು ಕಥೆಯನ್ನು ಮೊದಲಿನಿಂದ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, "ಇಳಿದ ಮೇಲೆ ನಿನಗೇ ಕಾಣುತ್ತದೆ, ತಮ್ಮಾ" ಎಂದಷ್ಟೇ ಹೇಳಿ ವೀಳ್ಯ ಬಾಯಿಗಿಟ್ಟುಕೊಂಡಳು.

ಡರ್ಬನ್

ಬೆಳಗಾಗುವಾಗ ಗುಡ್ಡ ಕಂಡಿತು. ಗುಡ್ಡದ ತುಂಬ ಬಿಳಿ ಬಂಗಲೆಗಳು. ಕೂಗಿಬಿಡುವಷ್ಟು ಹಿಗ್ಗಾಯಿತು. ಪುಸ್ತಕದ ಹಾಳೆಯೊಳಗೆ ಇಷ್ಟು ದಿನ ಇಣಿಕಿ ನೋಡಿದ್ದ ಊರು ಕಣ್ಣೆದುರು ನಿಂತಿದೆ! ಅದೋ ಆ ಬಂಗಲೆಯೇ ಇರಬೇಕು, ಇದೋ ಈ ಗೇಟಿನಲ್ಲೇ ಸ್ಯಾಮಿ ಕೂತಿದ್ದ. ಮುಂಬಯಿಯ ಬಂದರಿನ ಹಾಗೆಯೇ ಇಲ್ಲಿಯೂ ಎಣ್ಣೆ, ಮೀನು, ಒದ್ದೆ ಹಗ್ಗದ ವಾಸನೆ. ಒಂದು ವ್ಯತ್ಯಾಸ: ಕೂರುವ ಬೆಂಚುಗಳ ಮೇಲೂ ಬಿಳಿಯರಿಗೆ ಮಾತ್ರ ಎಂದು ಬರೆದಿತ್ತು. ಪೇಪರಿನಲ್ಲಿ ಓದಿದ್ದೆ, ಈಗ ಬೆಂಚಿನ ಮೇಲೆ ಓದಿ, ಕೂರಲು ಹೋದವನು ನಿಂತೇ ಉಳಿದೆ.

ಕಾಗದ ನೋಡುವ ಅಧಿಕಾರಿ ತಲೆಯೆತ್ತದೆ, "ಮೇರಿ, ಮುಂದೆ ಬಾ" ಎಂದ. ಅಂಜಲೈ ಮುಂದೆ ಹೋದಳು. ಮೇರಿ! ಎಲ್ಲ ಪುಸ್ತಕಗಳಲ್ಲೂ ಹೂ ಮಾರಲು ಬರುವ ಮೇರಿ! ಹೊರಗೆ ಬಂದ ಕೂಡಲೇ ಕೇಳಿದೆ, "ನೀನು ಮೇರಿಯೇನು? ಕ್ರಿಶ್ಚಿಯನ್ ಎಂದು ಹೇಳಲೇ ಇಲ್ಲವಲ್ಲ?"

"ಕ್ರಿಶ್ಚಿಯನ್ ಅಲ್ಲ. ಇಲ್ಲಿಂದ ನನ್ನ ಮನೆಯ ಬಾಗಿಲು ಮುಟ್ಟುವವರೆಗೆ ನಾನು ಮೇರಿ" ಎಂದಳು.

ನನಗೆ ಅರ್ಥವಾಗಲಿಲ್ಲ. ಆ ಹೊತ್ತಿಗೆ ನನ್ನ ಕಣ್ಣು ಬೇರೆಯದನ್ನು ಹುಡುಕುತ್ತಿತ್ತು. ಈ ಊರಿನ ಚೌಕಗಳಲ್ಲಿ 'ರೋಬೋ' ಇರುತ್ತದೆಂದು ಪುಸ್ತಕಗಳು ಹೇಳಿದ್ದವು. ನಿಘಂಟು ನೋಡಿ 'ಯಂತ್ರಪುರುಷ' ಎಂದು ತಿರುಗಿಸಿದ್ದೆ. 'ಯಂತ್ರಪುರುಷನು ಕೋಪದಿಂದ ಕೆಂಪಾಗಲು ಮೋಟಾರುಗಳು ಗಡಗಡ ನಡುಗಿ ನಿಂತವು' ಎಂಬ ನನ್ನ ವಾಕ್ಯಕ್ಕೆ ಕುರ್ಲಾದಲ್ಲಿ ಚಪ್ಪಾಳೆ ಬಿದ್ದಿತ್ತು. ಅಂಜಲೈಯ ಎರಡು ಬುಟ್ಟಿಗಳನ್ನೂ ನಾನೇ ಎತ್ತಿಕೊಂಡು ಗೇಟು ದಾಟಿದೆ. "ಎಲ್ಲಿ ನಿಮ್ಮ ರೋಬೋ?" ಎಂದು ಕೇಳಿದೆ. ಅವಳು ಚೌಕದ ಕಡೆ ಗದ್ದ ಎತ್ತಿ ತೋರಿಸಿದಳು. ಒಂದು ಕಂಬ. ಅದರ ತಲೆಯಲ್ಲಿ ಕೆಂಪು, ಹಳದಿ, ಹಸಿರು ದೀಪ. ಮುಂಬಯಿಯಲ್ಲೂ ಈಗೀಗ ಬರುತ್ತಿರುವ ಸಿಗ್ನಲ್ಲು!

ಬುಟ್ಟಿಗಳನ್ನು ಕೆಳಗಿಟ್ಟು ಬಿದ್ದುಬಿದ್ದು ನಕ್ಕೆ. ನನ್ನ ಯಂತ್ರಪುರುಷನ ಅವಸ್ಥೆ ನೋಡಿ ನಗದೆ ಇನ್ನೇನು ಮಾಡಲಿ? ನಗು ಇನ್ನೂ ನಿಂತಿರಲಿಲ್ಲ, ಹಿಂದಿನಿಂದ ಯಾರೋ ಗದರಿದರು.

"ಏಯ್ ಸ್ಯಾಮಿ!"

ನನ್ನ ಮೈ ಜುಮ್ಮೆಂದಿತು. ಸ್ಯಾಮಿ ಇಲ್ಲೇ ಇದ್ದಾನೆ! ಗರಕ್ಕನೆ ತಿರುಗಿ ಆ ಕಡೆ ಈ ಕಡೆ ಹುಡುಕಿದೆ. ಎದುರಿಗೆ ಒಬ್ಬ ಬಿಳಿಯ ಪೊಲೀಸ. ನನ್ನ ಹಿಂದೆ ಯಾರೂ ಇರಲಿಲ್ಲ.

"ನಿನಗೇ ಹೇಳುತ್ತಿರುವುದು, ಸ್ಯಾಮಿ. ಇಲ್ಲಿ ಬುಟ್ಟಿ ಇಡಬೇಡವೆಂದು ಬೆಳಿಗ್ಗೆಯೇ ಹೇಳಲಿಲ್ಲವೇ?"

"ಬೆಳಿಗ್ಗೆ ನಾನು ಹಡಗಿನಲ್ಲಿದ್ದೆ. ಈಗ ತಾನೇ ಇಳಿದೆ."

"ಸುಳ್ಳು ಹೇಳಬೇಡ. ನಾನೇ ಕಣ್ಣಾರೆ ನೋಡಿದ್ದೇನೆ. ನೀನೇ."

ಚೀಟಿ ತೆಗೆದು ತೋರಿಸಿದೆ. ಅವನು ಚೀಟಿ ನೋಡಿದ, ಹಡಗಿನ ಮುದ್ರೆ ನೋಡಿದ, ನನ್ನ ಮುಖವನ್ನು ಮಾತ್ರ ನೋಡಲಿಲ್ಲ. "ಹಾಗಾದರೆ ಅದು ಇನ್ನೊಬ್ಬ ಸ್ಯಾಮಿ" ಎಂದು ಚೀಟಿಯನ್ನು ಬುಟ್ಟಿಯ ಮೇಲೆ ಎಸೆದು ಹೋದ.

ಅವಮಾನದಿಂದ ಕಿವಿ ಕಾದವು. ಅಪ್ಪ ಅಮ್ಮ ತೊಟ್ಟಿಲಿಗೆ ಹಾಕಿ ಇಟ್ಟ ಹೆಸರು ಒಂದಿದೆಯಲ್ಲ ನನಗೆ! ಸಿಟ್ಟಿನಲ್ಲಿ ಬಗ್ಗಿ ಚೀಟಿ ಎತ್ತಿಕೊಳ್ಳುತ್ತಿರುವಾಗ ಅವನ ಮಾತು ತಲೆಯೊಳಗೆ ಮತ್ತೊಮ್ಮೆ ಮೊಳಗಿತು. ಇನ್ನೊಬ್ಬ ಸ್ಯಾಮಿ. ಇನ್ನೊಬ್ಬ! ಬಂಗಲೆಯಲ್ಲಿ ಒಬ್ಬ, ಬಂದರಿನಲ್ಲಿ ಇನ್ನೊಬ್ಬ! ಯಾವ ಗುಡ್ಡವನ್ನೂ ಯಾರೂ ಓಡಿ ಇಳಿಯಬೇಕಾಗಿರಲಿಲ್ಲ! "ಶೆಟ್ಟರೇ! ಸಿಕ್ಕಿತು ಶೆಟ್ಟರೇ!" ಎಂದು ಡರ್ಬನ್ನಿನ ನಡುಬೀದಿಯಲ್ಲಿ ಕನ್ನಡದಲ್ಲಿ ಕೂಗಿಬಿಟ್ಟೆ. ರೋಬೋ ಹಸಿರಾಗಿತ್ತು, ಮೋಟಾರಿನವನೊಬ್ಬ ಹೊರಡುವುದನ್ನು ಮರೆತು ನನ್ನನ್ನೇ ನೋಡುತ್ತಿದ್ದ.

ಸ್ವಲ್ಪ ಮುಂದೆ ಬೇಲಿಯ ನೆರಳಲ್ಲಿ ಮೂವರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಹೆಗಲ ಅಡ್ಡೆಗಳು ಬೇಲಿಗೆ ಒರಗಿದ್ದವು. ಅಂಜಲೈ ನನ್ನನ್ನು ಅವರ ಬಳಿ ಕರೆದೊಯ್ದು ತಮಿಳಿನಲ್ಲಿ ಏನೋ ಹೇಳಿದಳು. ಅವರು ನಗಲಿಲ್ಲ, ಸರಿದು ಜಾಗ ಕೊಟ್ಟರು. ನಾನು ಒಬ್ಬೊಬ್ಬರನ್ನಾಗಿ ಹೆಸರು ಕೇಳಿದೆ.

"ಮುನಿಸ್ವಾಮಿ" ಎಂದ ತೆಳ್ಳಗಿನವನು.

"ಪೊನ್ನುಸ್ವಾಮಿ" ಎಂದ ಎರಡನೆಯವನು. ಅವನ ಮೀಸೆ ಬೆಳ್ಳಗಿತ್ತು.

ಸ್ವಾಮಿ ಹೋಗಿ ಸ್ಯಾಮಿಯಾದದ್ದು ತಿಳಿಯಿತು. ಮೂರನೆಯವನನ್ನು ನೋಡಿದೆ.

"ನಾನು ಇಬ್ರಾಹಿಂ. ನಾನೂ ಸ್ಯಾಮಿಯೇ" ಎಂದು ಒಂದು ಸೀಬೆಹಣ್ಣು ಒರೆಸಿ ನನ್ನ ಕೈಗಿಟ್ಟ. ನಮ್ಮ ಕಡೆಯ ಪೇರಲವೇ, ಒಳಗೆ ಕೆಂಪು. ಗುಡ್ಡ ಹತ್ತಿ ಬರುವಷ್ಟು ಹೊತ್ತು ಇನ್ನೂ ಇತ್ತು. ನಾನು ಹತ್ತಲಿಲ್ಲ. ಹಡಗಿಗೆ ಕರೆ ಬರುವವರೆಗೆ ಅವರ ಜೊತೆ ಆ ನೆರಳಲ್ಲೇ ಕೂತು ಅವರವರ ಮನೆಮಕ್ಕಳ ಸುದ್ದಿ ಕೇಳಿದೆ.

ಮತ್ತೆ ಕುರ್ಲಾ

ತಿರುಗಿ ಬರುವಾಗ ಸಮುದ್ರ ಎಷ್ಟೇ ಕುಣಿದರೂ ನನಗೆ ವಾಂತಿಯಾಗಲಿಲ್ಲ. ಕೊನೆಯ ಅಧ್ಯಾಯವನ್ನು ಹಡಗಿನಲ್ಲೇ ಕೂತು ತಿರುಗಿಸಿದೆ. ಬಂದ ಭಾನುವಾರವೇ ಶೆಟ್ಟರ ಹೊಟೇಲು ತುಂಬಿತು. ನನ್ನ ಹೆಂಡತಿಯೂ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಮೊದಲು ಯಂತ್ರಪುರುಷನ ಸುದ್ದಿ ಹೇಳಿದೆ. ಕಂಬವೆಂದು ಕೇಳಿ ದೋಸೆ ಹುಯ್ಯುವವರಿಗೆ ಆದ ನಿರಾಶೆ ಹೇಳತೀರದು. ಅವರು ಒಂದು ಭಯಂಕರ ಆಕೃತಿಯನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡಿದ್ದರಂತೆ.

ಆಮೇಲೆ ಗೇಟಿನ ಸಂಗತಿ ಹೇಳಿದೆ. ಪೊಲೀಸ ನನ್ನನ್ನು ಸ್ಯಾಮಿ ಎಂದದ್ದು, ಬೆಳಿಗ್ಗೆ ನೀನೇ ಇದ್ದೆ ಎಂದದ್ದು, ಎಲ್ಲವನ್ನೂ ಹೇಳಿದೆ. ಹೊಟೇಲಿನವರು ಗೊಳ್ಳೆಂದು ನಕ್ಕರು.

"ಇದಕ್ಕೆ ನೀವು ಆಫ್ರಿಕಕ್ಕೆ ಹೋದದ್ದಾ?" ಎಂದರು ಶೆಟ್ಟರು. "ನಾನು ಮದ್ರಾಸು ಕಂಡವ ಅಲ್ಲ. ಇಲ್ಲಿ ಇಷ್ಟು ವರ್ಷದಿಂದ ನಾನು ಮದ್ರಾಸಿ. ನೀವು ಧಾರವಾಡದವರು, ನೀವೂ ಮದ್ರಾಸಿ. ಮೊನ್ನೆ ಒಬ್ಬ ಬಂದು 'ಏ ಮದ್ರಾಸಿ, ಗೋರೆಗಾಂವ್ ಹೊಟೇಲಿನಲ್ಲಿ ನಿನ್ನೆ ನನಗೆ ಹಳಸಿದ ಚಟ್ನಿ ಕೊಟ್ಟೆ' ಅಂತ ಬೈದು ಹೋದ. ನಾನು ಗೋರೆಗಾಂವ್‌ಗೆ ಕಾಲಿಟ್ಟವ ಅಲ್ಲ ಮಾರಾಯ್ರೆ!"

"ಪುಣ್ಯಾಕ್ಕ ಬರೇ ಚಟ್ನಿ ಆತು" ಎಂದಳು ನನ್ನ ಹೆಂಡತಿ.

ನಗು ನಿಂತಿತು. ಶೆಟ್ಟರು ಅವಳ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ಪುಸ್ತಕ ಎಂತ ಮಾಡಿದ್ರಿ? ಬದಲು ಮಾಡಿದ್ರಾ? ಬಿಟ್ಟು ಬಿಟ್ಟನಾ ಅವನನ್ನು ಸಾಯೇಬ?"

"ಇಲ್ರೀ. ಅನುವಾದ ಮಾಡೋನು ಕಥೀ ಬದಲಸಬಾರದು. ಒಂದು ಅಕ್ಷರಾನೂ ಹೆಚ್ಚು ಕಡಿಮಿ ಮಾಡಿಲ್ಲ. ಸ್ಯಾಮಿ ಅಂತ ಇದ್ದಲ್ಲೆ ಅವರವರ ಹೆಸರು ಹಾಕೇನಿ, ಅಷ್ಟ" ಎಂದೆ.

ಕನ್ನಡಕ ಏರಿಸಿಕೊಂಡು ಓದತೊಡಗಿದೆ. ಕೋರ್ಟಿನಲ್ಲಿ ಛತ್ರಿ ಸಾಹೇಬ ಎದ್ದು ನಿಲ್ಲುತ್ತಾನೆ. ಕೊಡೆಯನ್ನು ಮೇಜಿನ ಮೇಲಿಟ್ಟು, ಗಂಟಲು ಸರಿಪಡಿಸಿಕೊಂಡು ನ್ಯಾಯಾಧೀಶರಿಗೆ ಹೇಳುತ್ತಾನೆ:

"ಮಹಾಸ್ವಾಮಿ, ಕೊಲೆಯಾದ ಹೊತ್ತಿಗೆ ಬಂಗಲೆಯ ಹಿತ್ತಲ ಬಾಗಿಲಲ್ಲಿ ಬೀನ್ಸ್ ಮಾರುತ್ತಿದ್ದವನು ಮುನಿಸ್ವಾಮಿ. ಇದನ್ನು ಮೂವರು ಗೌರವಸ್ಥರು ಕಂಡಿದ್ದಾರೆ. ಅದೇ ಹೊತ್ತಿಗೆ ಬಂದರಿನ ಗೇಟಿನಲ್ಲಿ ಕೂತಿದ್ದವನು ಪೊನ್ನುಸ್ವಾಮಿ. 'ನಾವು ಕಣ್ಣಾರೆ ನೋಡಿದ್ದೇವೆ' ಎಂದು ಇಬ್ಬರು ಪ್ರಮಾಣ ಮಾಡಿದ್ದಾರೆ. ಆದುದರಿಂದ ಅಪರಾಧಿ ಯಾರೆಂಬ ಬಗ್ಗೆ ಎಳ್ಳಷ್ಟೂ ಸಂಶಯ ಉಳಿದಿಲ್ಲ. ಮರುದಿನ ಮಾರ್ಕೆಟ್ಟಿನಲ್ಲಿ ನಾನು ಸ್ವತಃ ಹಿಡಿದು ತಂದ ಈ ಇಬ್ರಾಹಿಮನನ್ನು ಗಲ್ಲಿಗೇರಿಸತಕ್ಕದ್ದು!"

ಹಾಳೆ ಕೆಳಗಿಟ್ಟೆ. ಒಳಗೆ ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬೀಳುತ್ತಿತ್ತು, ಇಳಿಸಲು ಯಾರೂ ಏಳಲಿಲ್ಲ. ಶೆಟ್ಟರು ಗಲ್ಲೆಯಿಂದ ಇಳಿದು ನನ್ನ ಮೇಜಿಗೆ ಬಂದು ಎರಡೂ ಕೈ ಊರಿ ನಿಂತರು.

"ಇಬ್ರಾಹಿಂ ಎಂತ ಮಾಡಿದ ಮಾರಾಯ್ರೆ?"